ನಲವತ್ತು ದಪ್ಪ, ಎಂಬತ್ತು ತೆಳು

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪವರ್‌ಲೂಮುಗಳ ಸದ್ದಿನ ಮೇಲೆ ಕೂಗಿಯೇ ಸಾರು ಬಡಿಸೆನ್ನಬೇಕು, ಕೂಗಿಯೇ ಬೈಯಬೇಕು, ಗುಟ್ಟನ್ನೂ ಕೂಗಿಯೇ ಹೇಳಬೇಕು. ನನ್ನ ಗಂಟಲು ತಯಾರಾದದ್ದು ಹಾಗೆ. ನಗುವೂ ಅಷ್ಟೇ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನಾನು ನಕ್ಕರೆ ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ. ಈ ನಗುವಿನ ಬಗ್ಗೆ ನನಗೆ ಜಂಬವೇ ಇತ್ತು ಅನ್ನಿ. ಹೋದ ವರ್ಷ ಅದೇ ನಗುವಿನಿಂದ ನನ್ನ ಅಣ್ಣನ ಹೊಸ ಕಸುಬಿಗೆ ನಾನೇ ಕಲ್ಲು ಹಾಕಿದೆ.

ನಾನು ಕೆಲಸ ಮಾಡುವುದು ನೆಲಮಂಗಲದಾಚೆ, ತುಮಕೂರು ರಸ್ತೆಯ ಪಕ್ಕದ ಒಂದು ಪೈಪ್ ಯಾರ್ಡಿನಲ್ಲಿ. ಗಿರಾಕಿಗೆ ಯಾವ ಪೈಪ್ ಬೇಕೆಂದು ಕೇಳುವುದು, ಅದೇ ರಾಶಿಯಿಂದ ಅದೇ ಪೈಪ್ ಲಾರಿಗೆ ಏರಿತೇ ಎಂದು ನೋಡುವುದು, ಅನುಮಾನ ಬಂದರೆ ಪೈಪಿನ ಬಾಯಿಗೆ ವರ್ನಿಯರ್ ಹಿಡಿದು ಅಳೆಯುವುದು. ಸೇರುವಾಗ ನನಗೆ ಇದರ ತಲೆಬುಡ ಗೊತ್ತಿರಲಿಲ್ಲ. ಕಬ್ಬಿಣದ ಪೈಪೆಂದರೆ ಕಬ್ಬಿಣದ ಪೈಪು, ಅದರಲ್ಲೇನು ಮಹಾ ಅಂದುಕೊಂಡಿದ್ದೆ.

ಮಹಾ ಇದೆ. ಒಂದಿಂಚು ಪೈಪ್ ಎನ್ನುತ್ತಾರಲ್ಲ, ಅದನ್ನು ಅಳತೆಪಟ್ಟಿ ಹಿಡಿದು ನೋಡಿ. ಹೊರಗಿನಿಂದ ಅಳೆದರೆ ಒಂದೂಕಾಲು ಇಂಚಿಗಿಂತ ಮೇಲೆ ಬರುತ್ತದೆ. ಒಳಗಿನ ತೂತು ಅಳೆದರೆ ಒಂದಕ್ಕೆ ಜಾಸ್ತಿಯೋ ಕಮ್ಮಿಯೋ ಬರುತ್ತದೆ, ಸರಿಯಾಗಿ ಒಂದು ಬರುವುದಿಲ್ಲ. ಒಂದಿಂಚು ಅನ್ನುವುದು ಬರೀ ಕರೆಯುವ ಹೆಸರು. ಮನೆಯಲ್ಲಿ ದಪ್ಪಗಿರುವವಳನ್ನೂ ಪುಟ್ಟಿ ಎಂದೇ ಕರೆಯುವುದಿಲ್ಲವೇ, ಹಾಗೆ. ಹದಿನಾಲ್ಕು ಇಂಚಿನಿಂದ ಮೇಲಿನ ದೊಡ್ಡ ಪೈಪುಗಳಲ್ಲಿ ಮಾತ್ರ ಹೆಸರೂ ಹೊರಗಿನ ಅಳತೆಯೂ ಒಂದೇ ಆಗುತ್ತವೆ.

ಇನ್ನು ದಪ್ಪದ ಸಂಗತಿ. ಒಂದೇ ಸೈಜಿನ ಪೈಪು ತೆಳು ಗೋಡೆಯದೂ ಬರುತ್ತದೆ, ದಪ್ಪ ಗೋಡೆಯದೂ ಬರುತ್ತದೆ. ಆದರೆ ಹೊರಗಿನಿಂದ ಎರಡೂ ಒಂದೇ ಸಮ. ಪೈಪು ಜೋಡಿಸುವ ಸಾಕೆಟ್ಟು, ಎಲ್ಬೋ, ತಿರುಪಿನ ಥ್ರೆಡ್ ಎಲ್ಲ ಕೂರುವುದು ಹೊರಮೈಗೆ ತಾನೇ, ಅದಕ್ಕೆ ಹೊರಮೈ ಬದಲಾಗುವಂತಿಲ್ಲ. ದಪ್ಪ ಜಾಸ್ತಿಯಾದರೆ ಅದು ಒಳಗಡೆಗೇ ಬೆಳೆಯುತ್ತದೆ, ತೂತು ಕಿರಿದಾಗುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ದೇವರಾಣೆಗೂ ತಿಳಿಯುವುದಿಲ್ಲ. ತುದಿಗೆ ಹೋಗಿ ಬಗ್ಗಿ ನೋಡಬೇಕು.

ಈ ದಪ್ಪಕ್ಕೆ ಶೆಡ್ಯೂಲ್ ಎಂಬ ನಂಬರ್ ಇದೆ. ನಮ್ಮಲ್ಲಿ ಹೆಚ್ಚು ಹೋಗುವುದು ನಲವತ್ತು ಮತ್ತು ಎಂಬತ್ತು. ಇಲ್ಲೇ ನೇಕಾರರ ಮಕ್ಕಳು ಎಡವುವುದು. ರೇಷ್ಮೆಯ ಲೆಕ್ಕ ಬೇರೆ, ನಮ್ಮ ಮನೆತನದ್ದು ಹತ್ತಿ ನೂಲು. ಹತ್ತಿ ನೂಲಿನಲ್ಲಿ ನಂಬರ್ ಏರಿದಷ್ಟೂ ಎಳೆ ಸಣ್ಣ. ನಲವತ್ತನೇ ನಂಬರ್ ದಪ್ಪ, ಎಂಬತ್ತನೇ ನಂಬರ್ ತೆಳು. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ, ತಾಯಿಹಾಲಿನ ಜೊತೆ ಬಂದದ್ದು. ಪೈಪಿನಲ್ಲಿ ಅದು ಪೂರಾ ಉಲ್ಟಾ. ಎಂಬತ್ತು ದಪ್ಪ, ನಲವತ್ತು ತೆಳು.

ಸೇರಿದ ಹೊಸದರಲ್ಲಿ ನಾನೂ ಎಡವಿದ್ದೆ. ದಪ್ಪದ್ದು ಕೇಳಿದವರಿಗೆ ನಲವತ್ತರ ರಾಶಿ ತೋರಿಸಿದ್ದೆ. ಯಾರ್ಡಿನ ಯಜಮಾನರು ಗಿರಾಕಿಯ ಮುಂದೆ ತುಟಿ ಬಿಚ್ಚಲಿಲ್ಲ. ಅವನು ಟೀ ಕುಡಿಯಲು ಹೋದಾಗ ನನ್ನನ್ನು ರಾಶಿಯ ಹತ್ತಿರ ಕರೆದು, ಎರಡು ಪೈಪಿನ ಬಾಯಿಗೂ ನನ್ನ ಬೆರಳು ಹಾಕಿಸಿ, "ಈಗ ಹೇಳಮ್ಮ, ಯಾವ್ದು ದಪ್ಪ?" ಎಂದಿದ್ದರು, ಅಷ್ಟೇ. ನನ್ನ ಮಾನ ಉಳಿದಿತ್ತು. ಅವರು ನನಗೆ ಮಾಡಿದ್ದನ್ನು ನಾನು ನನ್ನ ಅಣ್ಣನಿಗೆ ಮಾಡಲಿಲ್ಲವಲ್ಲ.

ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ಬೇಗ ಹೋದ ಮೇಲೆ ನನ್ನನ್ನು ಓದಿಸಿದವನು, ಮದುವೆ ಮಾಡಿಕೊಟ್ಟವನು ಅವನೇ. ಜೀವಮಾನವೆಲ್ಲ ಮಗ್ಗದ ಮುಂದೆ ನಿಂತ. ಕೆಲಸ ಕೂಡಿಬರದೆ ಸ್ವಂತ ಮಗ್ಗಗಳನ್ನು ಮಾರಿದಾಗ, "ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗೆ ನೇಯೋದಿಲ್ಲ ಕಣಮ್ಮ. ಬೇರೆ ಏನಾದ್ರೂ ಕಲೀತೀನಿ," ಎಂದ. ಐವತ್ತು ದಾಟಿದವನು! ಕೈಗಾರಿಕಾ ಪ್ರದೇಶದಲ್ಲಿ ಪೈಪ್ ಫಿಟ್ಟಿಂಗ್ ಮಾಡುವ ಒಬ್ಬರ ಹಿಂದೆ ಚೀಲ ಹೊತ್ತು ತಿರುಗಿ ಕಸುಬು ಕಲಿತ. ಆಮೇಲೆ ಪೈಪಿಗೆ ಥ್ರೆಡ್ ಹೊಡೆಯುವ ಡೈ ಸೆಟ್ಟನ್ನು ಸ್ವಂತಕ್ಕೆ ಕೊಂಡ. ಅದನ್ನು ದಿನವೂ ಎಣ್ಣೆ ಹಾಕಿ ಒರೆಸುವ ಸಂಭ್ರಮ ನೋಡಿ ಅತ್ತಿಗೆ, "ನನ್ನ ಕಡೆ ಒಂದಿನಾನೂ ಇಷ್ಟು ಪ್ರೀತಿಯಿಂದ ನೋಡ್ಲಿಲ್ಲ ನಿಮ್ಮಣ್ಣ," ಎಂದು ಚುಡಾಯಿಸುತ್ತಿದ್ದರು. ನನಗಂತೂ ಹೆಮ್ಮೆ. ಮಗ್ಗ ಹೋದ ಮೇಲೆ ಬಾಡಿದ್ದ ಅವನ ಮುಖಕ್ಕೆ ಕಳೆ ಬಂದಿತ್ತು.

ಮೊದಲನೇ ಸ್ವಂತ ಕೆಲಸ ಕೊಡಿಸಿದ್ದು ನಾನೇ. ನನ್ನ ಗಂಡನ ಅಣ್ಣ, ನಮ್ಮ ಭಾವ, ನೂಲಿಗೆ ಬಣ್ಣ ಹಾಕುವ ಶೆಡ್ಡು ಇಟ್ಟಿದ್ದಾರೆ. ಚಿಕ್ಕ ಬಾಯ್ಲರಿನಿಂದ ಬಣ್ಣದ ತೊಟ್ಟಿಗಳಿಗೆ ಸ್ಟೀಮ್ ಹೋಗುವ ಹಳೆಯ ಪೈಪುಗಳು ತುಕ್ಕು ಹಿಡಿದು ಸೋರುತ್ತಿದ್ದವು. ನಾನು ಭಾವನಿಗೆ ಹೇಳಿದೆ, ಅವರು ಒಪ್ಪಿದರು. "ನಿನ್ನ ಮುಖ ನೋಡಿ ಕೊಡ್ತಾ ಇದೀನಿ ಕಣಮ್ಮ," ಎಂದೂ ಸೇರಿಸಿದರು. ಆ ಕೆಲಸ ನೆಟ್ಟಗೆ ಮಾಡಿದರೆ ನೂಲಿನವರ ಬೀದಿಯಲ್ಲೆಲ್ಲ ಹೆಸರಾಗುತ್ತದೆ, ಕೆಟ್ಟರೆ ಇನ್ಯಾರೂ ಕರೆಯುವುದಿಲ್ಲ ಎಂದು ಅಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪೈಪ್ ಒಯ್ಯಲು ಅವನೇ ನಮ್ಮ ಯಾರ್ಡಿಗೆ ಬಂದ. ಜೊತೆಗೆ ಭಾವನ ಶೆಡ್ಡಿನ ಗೂಡ್ಸ್ ಆಟೋ, ಅದರ ಡ್ರೈವರ್. ಇಸ್ತ್ರಿ ಮಾಡಿದ ಷರಟು, ಕಿವಿಯ ಮೇಲೆ ಪೆನ್ಸಿಲ್. ನನ್ನ ಟೇಬಲ್ ಮುಂದೆ ನಿಂತು ನಾನು ಯಾರೋ ಎನ್ನುವ ಗತ್ತಿನಲ್ಲಿ, "ಒಂದಿಂಚು ಪೈಪ್ ಬೇಕಿತ್ತು ಮೇಡಂ, ಸ್ಟೀಮ್ ಲೈನಿಗೆ," ಎಂದ.

"ಯಾವ ಶೆಡ್ಯೂಲ್ ಕೊಡ್ಲಿ ಸಾರ್?" ಎಂದೆ ನಾನೂ.

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಡ್ರೈವರ್ ಕಡೆ ಒಮ್ಮೆ ತಿರುಗಿದ. ಆಮೇಲೆ ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ ಹೇಳಿದ. "ನಲವತ್ತು. ದಪ್ಪ ಇರೋದು ಬೇಕು ಅಂದಿದ್ದಾರೆ. ನಲವತ್ತು ಕೊಡು."

ನನಗೆ ನಗು ಎಲ್ಲಿಂದ ಉಕ್ಕಿತೋ! ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಯ್ಯೋ ನಮ್ಮಣ್ಣಾ! ಇದು ನೂಲಲ್ಲ ಕಣಣ್ಣ, ಪೈಪು! ನಲವತ್ತು ತೆಳು, ಎಂಬತ್ತು ದಪ್ಪ. ನೀನು ಮಗ್ಗ ಬಿಟ್ರೂ ಮಗ್ಗ ನಿನ್ನ ಬಿಡ್ಲಿಲ್ವಲ್ಲೋ!"

ನನ್ನ ಗಂಟಲಿನ ಪರಿಚಯ ನಿಮಗೆ ಮೊದಲೇ ಮಾಡಿಸಿದ್ದೇನೆ. ಆಚೆ ತುದಿಯಲ್ಲಿ ಲಾರಿ ತುಂಬುತ್ತಿದ್ದ ಹಮಾಲರಿಗೂ ಕೇಳಿಸಿತು. ಒಬ್ಬ ಕೆಲಸ ನಿಲ್ಲಿಸಿ, "ಪೈಪಲ್ಲಿ ಲುಂಗಿ ನೇಯ್ತೀಯಾ ಗುರು?" ಎಂದು ಕೂಗಿದ. ಎಲ್ಲರೂ ಘೊಳ್ಳೆಂದರು. ಡ್ರೈವರಂತೂ ಆಟೋಗೆ ಒರಗಿಕೊಂಡು ಕಣ್ಣೊರೆಸಿಕೊಂಡ. ನಗದವರು ಇಬ್ಬರೇ, ಯಜಮಾನರು ಮತ್ತು ಅಣ್ಣ. ಅಣ್ಣನ ಕಿವಿ ಕೆಂಪಾಗಿತ್ತು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡು ಅವನು ಡ್ರೈವರಿಗೆ, "ಕೇಳಿಸ್ಕೊಂಡ್ಯಲ್ಲಪ್ಪ, ಯಾರ್ಡಿನೋರೇ ಎಂಬತ್ತು ಅಂತಿದ್ದಾರೆ. ಅದನ್ನೇ ಹಾಕಿಸ್ಕೊ," ಎಂದ. ನಾಚಿಕೆ ಮುಚ್ಚಿಕೊಳ್ಳಲು ಹೇಳುತ್ತಿದ್ದಾನೆ ಅಂದುಕೊಂಡೆ.

ಎಂಬತ್ತರ ಪೈಪ್ ಹೋಯಿತು. ಅದರ ಹಿಂದೆಯೇ ಕಥೆಯೂ ಹೋಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನಾನು ಬಾಯಿ ಬಿಟ್ಟೆ, ಬಣ್ಣಗೆಟ್ಟವನು ಅವನು. ಡ್ರೈವರ್ ಬಣ್ಣದ ಶೆಡ್ಡಿನಲ್ಲಿ ಇಳಿದವನೇ ನನ್ನ ನಗುವನ್ನು ಅಣಕಿಸಿ ತೋರಿಸಿದನಂತೆ. ಮಾರನೇ ದಿನವೇ ಭಾವ ಕೆಲಸ ಬೇರೆಯವರಿಗೆ ಕೊಟ್ಟರು. "ಪೈಪಿನ ನಂಬರೇ ಗೊತ್ತಿಲ್ದೋನು ಸ್ಟೀಮಿಗೆ ಕೈ ಹಾಕೋದಾ? ಅದರ ಕೆಳಗೆ ಜನ ನಿಂತು ಕೆಲಸ ಮಾಡ್ತಾರೆ," ಎಂದರಂತೆ. ಮಾತೇನೋ ಸುಳ್ಳಲ್ಲ. ಥ್ರೆಡ್ ಹೊಡೆದ ಕಡೆ ಪೈಪಿನ ಗೋಡೆ ಅರ್ಧಕ್ಕರ್ಧ ಸವೆದಂತೆಯೇ. ತೆಳು ಪೈಪಾದರೆ ಅಲ್ಲಿ ಉಳಿಯುವುದೆಷ್ಟು? ಸ್ಟೀಮ್ ಎಂದರೆ ಹುಡುಗಾಟವಲ್ಲ.

ಬೀದಿಯಲ್ಲಿ ಅವನಿಗೆ ನಲವತ್ತು ನಂಬರ್ ಎಂದು ಹೆಸರು ಬಿತ್ತು. ಟೀ ಅಂಗಡಿಯಲ್ಲಿ, "ಏನಪ್ಪಾ ನಲವತ್ತು ನಂಬರ್, ಇವತ್ತು ಎಲ್ಲಿ ಫಿಟ್ಟಿಂಗು?" ಅನ್ನುವುದು. ಕರೆಯುತ್ತೇವೆ ಎಂದಿದ್ದ ಒಂದೆರಡು ಕಡೆಯವರೂ ಕರೆಯಲಿಲ್ಲ. ಕೊನೆಗೆ ಅವನು ಯಾವುದನ್ನು ಮಾಡುವುದಿಲ್ಲ ಎಂದಿದ್ದನೋ ಅದಕ್ಕೇ ಹೋದ. ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿ ಮಗ್ಗ. ಡೈ ಸೆಟ್ಟು ಹಳೇ ಸೀರೆಯ ಗಂಟಿನಲ್ಲಿ ಮಂಚದ ಕೆಳಗೆ ಸೇರಿತು.

ನಾನು ಫೋನ್ ಮಾಡಿ, "ಅಣ್ಣ, ತಮಾಷೆಗೆ ಅಂದದ್ದು ಕಣೋ. ಹೀಗಾಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ," ಎಂದೆ. "ಆಯ್ತು ಬಿಡಮ್ಮ, ಅದೇನು ದೊಡ್ಡದು," ಎಂದ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವನ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮಂಚದ ಕೆಳಗಿನ ಆ ಗಂಟಿನ ಕಡೆಗೇ. ತಪ್ಪು ಅವನದೇ ಅಲ್ಲವೇ, ನಂಬರ್ ತಪ್ಪಿದವನು ಅವನೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದೊಂದೇ ನನಗಿದ್ದ ಆಸರೆ.

ಅವರೆಕಾಯಿ ಕಾಲದಲ್ಲಿ ಆ ಆಸರೆಯೂ ಮುರಿಯಿತು. ಒಂದು ಭಾನುವಾರ ಭಾವನ ಮನೆಯಲ್ಲಿ ಅವರ ಹೆಂಡತಿ, ನನ್ನ ಓರಗಿತ್ತಿ, ಹಿದುಕಿದ ಬೇಳೆ ಸಾರು ಮಾಡಬೇಕೆಂದು ನೆನೆಸಿದ ಕಾಳಿನ ಮೊರ ಹರವಿಕೊಂಡು ಕೂತಿದ್ದರು. ನಾನೂ ಜೊತೆಗೆ ಕೂತು ಬೇಳೆ ಹಿದುಕುತ್ತಿದ್ದೆ. ಮಾತಿಗೆ ಮಾತು ಬಂದು ನಾನು, "ಏನೇ ಹೇಳಿ ಅಕ್ಕ, ಅಣ್ಣ ಆ ನಂಬರೊಂದು ಸರಿಯಾಗಿ ತಿಳ್ಕೊಂಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ," ಎಂದೆ.

ಓರಗಿತ್ತಿ ಕೈ ನಿಲ್ಲಿಸಿದರು. "ಯಾರು, ನಿಮ್ಮಣ್ಣ? ಅವರಿಗೆ ಗೊತ್ತಿತ್ತಲ್ಲ! ಇಲ್ಲೇ ಈ ಜಗಲಿ ಮೇಲೆ ಕೂತ್ಕೊಂಡು ಎಂಬತ್ತು ಹಾಕ್ಬೇಕು ಅಂತ ಎಷ್ಟು ಹೇಳಿದ್ರು. ಇವರು ಕೇಳಿದ್ರೆ ತಾನೇ? ‘ಎಂಬತ್ತು ತೆಳು ಕಣಯ್ಯ, ನಂಗೆ ನಂಬರ್ ಹೇಳ್ಕೊಡ್ತೀಯಾ, ನಲವತ್ತೇ ತಗೊಂಬಾ’ ಅಂದ್ಬಿಟ್ರು. ಡ್ರೈವರಿಗೂ, ಅವನು ಅಲ್ಲಿ ಏನು ಕೇಳಿ ತಗೋತಾನೋ ಬಂದು ಹೇಳು ಅಂತ ಹೇಳಿ ಕಳಿಸಿದ್ರು. ನಿಮ್ಮಣ್ಣ ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಹಮಾಲರೆಲ್ಲ ನಗುವಾಗ ಅವನು ಒಂದೇ ಮಾತು ಆಡಿದ್ದರೆ ಸಾಕಿತ್ತು. "ನಾನಲ್ಲಮ್ಮ, ನಿಮ್ಮ ಭಾವ ಹೇಳಿದ್ದು," ಅಂದಿದ್ದರೆ ನಗು ಅತ್ತ ತಿರುಗುತ್ತಿತ್ತು. ತಂಗಿ ಸೇರಿದ ಮನೆಯ ಮಾನ ಹತ್ತು ಜನರ ಮುಂದೆ ಹೋಗಬಾರದೆಂದು ತನ್ನದನ್ನು ಕೊಟ್ಟುಕೊಂಡ. ಕೊಟ್ಟುಕೊಂಡು ಆಮೇಲೂ ಸುಮ್ಮನಿದ್ದ. ನಾನು ಮಾತ್ರ ಅಷ್ಟು ದಿನ ತಪ್ಪು ಅವನದು, ತಪ್ಪು ಅವನದು ಎಂದು ಜಪ ಮಾಡುತ್ತಿದ್ದೆ. ಥೂ ನನ್ನ ಜನ್ಮವೇ ಅನ್ನಿಸಿತು.

ಎದ್ದವಳೇ ಹಿತ್ತಲಿಗೆ ಹೋದೆ. ಭಾವ ನಲ್ಲಿಯ ಹತ್ತಿರ ಕೈತೊಳೆಯುತ್ತಿದ್ದರು. ಬಣ್ಣದವರ ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಬಣ್ಣ ಉಳಿದೇ ಇರುತ್ತದೆ.

"ಭಾವ, ನಲವತ್ತು ಅಂತ ಹೇಳಿದ್ದು ಯಾರು?" ಎಂದೆ. ಭಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು.

"ಅಂದಿರಬೌದು ಕಣಮ್ಮ. ಯಾವಾಗಿನ ಮಾತು ಅದು."

"ನಿಮಗೆ ಹೋಗಿದ್ದು ಬರೀ ಮಾತು ಭಾವ. ನಮ್ಮಣ್ಣನಿಗೆ ಕಸುಬೇ ಹೋಯ್ತು. ಡ್ರೈವರ್ ಬಂದು ನಕ್ಕಾಗ, ಹೇಳಿದ್ದು ನಾನೇ ಅಂತ ನೀವಾದ್ರೂ ಒಂದು ಮಾತು ಅನ್ನಬಾರದಿತ್ತಾ?"

ಅವರು ಬಹಳ ಹೊತ್ತು ಕೈ ಉಜ್ಜಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲ, ಅಷ್ಟೇ. ಕೊನೆಗೆ ಟವೆಲಿಗೆ ಕೈ ಒರೆಸುತ್ತ, "ಇನ್ನೊಂದು ತೊಟ್ಟಿ ಕಟ್ಟಿಸ್ತಾ ಇದೀನಿ. ಅದಕ್ಕೂ ಲೈನ್ ಎಳೀಬೇಕು. ನಿಮ್ಮಣ್ಣನಿಗೇ ಹೇಳು, ಬಂದು ಮಾಡ್ಲಿ. ಯಾವ ನಂಬರ್ ಬೇಕೋ ಅವನೇ ಹಾಕ್ಕೊಳ್ಳಿ," ಎಂದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ನನಗೆ ಆಗ ಅದು ನೆನಪಾಗಲಿಲ್ಲ. ಆನೆಯೇ ಸಿಕ್ಕಿತೆಂದು ಕುಣಿಯುತ್ತ, ಮಾರನೇ ದಿನ ಕೆಲಸಕ್ಕೆ ರಜ ಹಾಕಿ ಅಣ್ಣ ನೇಯುತ್ತಿದ್ದ ಶೆಡ್ಡಿಗೆ ಹೋದೆ.

ಒಳಗೆ ಮಗ್ಗಗಳೆಲ್ಲ ಓಡುತ್ತಿದ್ದವು. ಅಣ್ಣ ಗೋಡೆಯ ಕಡೆಯ ಮಗ್ಗದ ಮುಂದೆ ಬಗ್ಗಿ ಕಿತ್ತುಹೋದ ಎಳೆ ಕಟ್ಟುತ್ತಿದ್ದ. ಎದುರಿಗೆ ಹೋಗಿ ನಿಂತು, "ತಪ್ಪಾಯ್ತಣ್ಣ," ಎಂದೆ. ಅವನು ಕಿವಿಗೆ ಕೈ ಹಚ್ಚಿ ಏನು ಎಂದು ತಲೆಯಾಡಿಸಿದ. ಮತ್ತೆ ಹೇಳಿದೆ. ಮತ್ತೆ ಕೇಳಿಸಲಿಲ್ಲ. ಮೆಲ್ಲಗೆ ಹೇಳುವ ಮಾತೆಂದು ಹೇಗೋ ಮೆಲ್ಲಗೇ ಹೇಳುತ್ತಿದ್ದೆ. ಆಮೇಲೆ ಹಾಳಾಗಿ ಹೋಗಲಿ ಎಂದು ಗಂಟಲು ಹರಿಯುವಂತೆ ಕೂಗಿದೆ. "ನಂದು ತಪ್ಪಾಯ್ತು ಕಣಣ್ಣಾ! ನಿಂಗೆ ನಂಬರ್ ಗೊತ್ತಿತ್ತಂತೆ! ನಾನು ನಗಬಾರದಿತ್ತು!" ಆಚೀಚೆ ಮಗ್ಗದವರೆಲ್ಲ ತಿರುಗಿದರು. ನನಗೆ ಕಣ್ಣಲ್ಲಿ ನೀರು. ಅಷ್ಟು ಜನರ ಮುಂದೆ ನಕ್ಕವಳು ಇಷ್ಟು ಜನರ ಮುಂದೆ ಅಳುವುದರಲ್ಲಿ ಅನ್ಯಾಯವೇನಿಲ್ಲ.

ಅವನು ಮಗ್ಗ ನಿಲ್ಲಿಸಿ, ನನ್ನ ರಟ್ಟೆ ಹಿಡಿದು ಹೊರಗೆ ಜಗಲಿಗೆ ಕರೆದುಕೊಂಡು ಬಂದ. "ಏನೇ ಇದು, ಊರೆಲ್ಲ ಕೇಳೋ ಹಂಗೆ," ಎಂದು ಹೆಗಲ ಮೇಲಿನ ಟವೆಲನ್ನು ಕಣ್ಣೊರೆಸಿಕೊಳ್ಳಲು ಕೊಟ್ಟ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಓರಗಿತ್ತಿ ಅಂದದ್ದು, ಭಾವನ ಜೊತೆ ಜಗಳ, ಹೊಸ ತೊಟ್ಟಿಯ ಲೈನು. "ಡೈ ಸೆಟ್ಟು ಆಚೆ ತೆಗಿ ಅಣ್ಣ. ನಾಳೇನೇ ಯಾರ್ಡಿಗೆ ಬಾ. ಒಳ್ಳೇ ಪೈಪು ನಾನೇ ಬಗ್ಗಿ ನೋಡಿ ಆರಿಸಿ ಕೊಡ್ತೀನಿ," ಎಂದೆ.

ಅವನು ಅಂಗೈಯ ಮೇಲೆ ಅಂಟಿದ್ದ ನೂಲಿನ ಧೂಳನ್ನು ಉಜ್ಜಿ ತೆಗೆಯುತ್ತಿದ್ದ. "ಕೆಲಸ ಮಾಡ್ತೀನಿ. ಯಾಕೆ ಮಾಡ್ಬಾರ್ದು," ಎಂದ. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವನೇ ಸೇರಿಸಿದ. "ಪೈಪ್ ಮಾತ್ರ ಬೇರೆ ಕಡೆಯಿಂದ ತರ್ತೀನಿ ಕಣಮ್ಮ."

"ಯಾಕಣ್ಣ? ನಮ್ಮ ಯಾರ್ಡಲ್ಲೇ ಇರುವಾಗ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೂ ಇರಲಿಲ್ಲ. "ನಿಮ್ಮ ಭಾವ ನನ್ನ ಮಾತು ಕೇಳೋರಲ್ಲ. ಯಾರ್ಡಿನೋರು ಹೇಳಿದ್ರೆ ಕೇಳ್ತಾರೆ. ಅದಕ್ಕೇ ಡ್ರೈವರ್ ಎದುರಿಗೇ, ನಿನ್ನ ಟೇಬಲ್ ಹತ್ರಾನೇ ಬಂದು ನಲವತ್ತು ಅಂದೆ. ನೀನು ತಿದ್ದುತೀಯ ಅಂತ ಗೊತ್ತಿತ್ತು. ನಗ್ತೀಯ ಅಂತ ಗೊತ್ತಿರ್ಲಿಲ್ಲ."

ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು ಅವನು ಒಳಗೆ ಹೋದ. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಅವನ ಮಗ್ಗ ಶುರುವಾಯಿತು.